ಬೀದಿಯ ನಾಯಿ-ಬೆಕ್ಕುಗಳಿಗಾಗಿ ದುಡಿಯುವ ಸಂಸ್ಥೆಗಳು ನಿಜವಾಗಿ ಮಾಡುವ ಕೆಲಸವೇನು? ಮೈಸೂರಿನ ತಿಳಿದವರು ಹೇಳಬೇಕು

ಪ್ರಶ್ನೆ: ಕುವೆಂಪುನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಕುವೆಂಪುನಗರದ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ. ಪಕ್ಕದ ಖಾಲಿ ನಿವೇಶನದಲ್ಲಿ, ಬಹಳ ಕಾಲದಿಂದ ಇದೇ ಬೀದಿಯಲ್ಲಿರುವ ಹೆಣ್ಣುನಾಯಿಯೊಂದು ಮರಿ ಹಾಕಿದೆ. ಅದೇ ಹೊತ್ತಿಗೆ ನಮ್ಮ ನೆಲಮಹಡಿಯ ಪಂಪ್ ಕೋಣೆಗೆ ಬೆಕ್ಕೊಂದು ತನ್ನ ಮರಿಗಳನ್ನು ಕಚ್ಚಿಕೊಂಡು ಬಂದು ಇಟ್ಟಿದೆ. ನಾಯಿಮರಿಗಳು ಈಗಷ್ಟೇ ಕಣ್ಣು ಬಿಟ್ಟು ತೆವಳುತ್ತಿವೆ. ಬೆಕ್ಕಿನ ಮರಿಗಳು ಇನ್ನೂ ಚಿಕ್ಕವು.

ಕಟ್ಟಡದ ಸಭೆಯಲ್ಲಿ ಈ ವಿಷಯ ಬಂದಾಗ ಹೆಚ್ಚಿನವರು, ಯಾವುದಾದರೂ ಪ್ರಾಣಿ ದಯಾ ಸಂಸ್ಥೆಗೆ ಒಂದು ಫೋನ್ ಮಾಡಿದರೆ ಅವರೇ ಬಂದು ಎಲ್ಲವನ್ನೂ ಕೊಂಡೊಯ್ಯುತ್ತಾರೆ ಎಂದರು. ಆ ಹೊಣೆ ನನಗೆ ಬಂತು. ನಾನು ಕರೆ ಮಾಡಿದ ಸಂಸ್ಥೆಯವರು ಬಹಳ ಸೌಜನ್ಯದಿಂದ ಮಾತನಾಡಿದರಾದರೂ, ಆರೋಗ್ಯವಾಗಿರುವ ತಾಯಿಯನ್ನಾಗಲಿ ಮರಿಗಳನ್ನಾಗಲಿ ತೆಗೆದುಕೊಂಡು ಹೋಗಲಾಗದು ಎಂದು ಹೇಳಿ, ನಾಯಿಗೆ ಯಾರು ಊಟ ಹಾಕುತ್ತಾರೆ, ಅದರ ಕಿವಿಯ ತುದಿ ಕತ್ತರಿಸಿದೆಯೇ, ಮರಿಗಳಿಗೆ ಎಷ್ಟು ವಯಸ್ಸಾಗಿರಬಹುದು ಎಂದೆಲ್ಲ ನನ್ನನ್ನೇ ವಿಚಾರಿಸಿದರು. ಎರಡು ತಿಂಗಳಾದ ಮೇಲೆ ಮತ್ತೆ ಕರೆ ಮಾಡಿ ಎಂದೂ ತಿಳಿಸಿದರು. ಇದನ್ನು ಕೇಳಿ ನಮ್ಮ ನೆರೆಹೊರೆಯವರಿಗೆ ಬೇಸರವಾಗಿದೆ. ದೇಣಿಗೆ ಪಡೆಯುವ ಸಂಸ್ಥೆಯವರು ಪ್ರಾಣಿಗಳನ್ನು ತೆಗೆದುಕೊಳ್ಳದಿದ್ದರೆ ಮತ್ತೇನು ಮಾಡುತ್ತಾರೆ ಎಂಬುದು ಅವರ ಪ್ರಶ್ನೆ.

ನಾನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಈ ಸಂಸ್ಥೆಗಳ ಕೆಲಸ ಹೇಗೆ ನಡೆಯುತ್ತದೆ, ಯಾವ ಸಂದರ್ಭದಲ್ಲಿ ಕರೆಯಬೇಕು, ಯಾವುದನ್ನು ನಾವೇ ಮಾಡಬೇಕು, ಮತ್ತು ಸಹಾಯ ಮಾಡಬೇಕೆಂದಿದ್ದರೆ ಹಣವನ್ನು ಯಾವ ನಂಬಿಕೆಯ ಮೇಲೆ ಕೊಡಬೇಕು ಎಂಬುದನ್ನು ಬಲ್ಲವರಿಂದ ತಿಳಿಯಬೇಕೆಂದಿದ್ದೇನೆ. ಮುಂದಿನ ಸಭೆಯಲ್ಲಿ ನಾನು ಉತ್ತರ ಹೇಳಬೇಕಾಗಿದೆ.

ಉತ್ತರ: ಸ್ವಯಂಸೇವಕಿ, ಸರಸ್ವತಿಪುರಂ

ನಮಸ್ಕಾರ. ಮೈಸೂರಿನ ಒಂದು ಸಣ್ಣ ಟ್ರಸ್ಟಿನ ಜೊತೆ ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ನೆರೆಯವರ ಪ್ರಶ್ನೆ ನ್ಯಾಯವಾದದ್ದೇ. ನಮಗೆ ಬರುವ ಕರೆಗಳಲ್ಲಿ ಬಹುಪಾಲು ಇದೇ ಬಗೆಯವು ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲಿಗೆ, ಪ್ರಾಣಿ ದಯಾ ಸಂಸ್ಥೆ ಎಂದರೆ ಬೀದಿಯ ಪ್ರಾಣಿಗಳನ್ನೆಲ್ಲ ಕೂಡಿಹಾಕುವ ಜಾಗ ಎಂಬ ತಿಳಿವಳಿಕೆಯನ್ನು ಬಿಡಬೇಕು. ಚಾಮುಂಡಿಬೆಟ್ಟದ ತಪ್ಪಲಿನಲ್ಲಿರುವ ಪಿಂಜರಾಪೋಲಿನಂಥ ಹಳೆಯ ಸಂಸ್ಥೆಗಳು ಮುಖ್ಯವಾಗಿ ದನಕರುಗಳಿಗೆ ಜೀವಮಾನದ ಆಶ್ರಯ ಕೊಡುತ್ತ ಬಂದಿರುವುದರಿಂದ, ನಾಯಿ-ಬೆಕ್ಕುಗಳ ವಿಷಯದಲ್ಲೂ ಜನರು ಅದನ್ನೇ ನಿರೀಕ್ಷಿಸುತ್ತಾರೆ. ನಾಯಿ-ಬೆಕ್ಕುಗಳಿಗಾಗಿ ಇರುವ ಆಶ್ರಯಧಾಮ ಇದಕ್ಕಿಂತ ಬೇರೆ. ಅದು ಆಸ್ಪತ್ರೆಯ ವಾರ್ಡಿನ ಹಾಗೆ: ರೋಗಿ ಬರಬೇಕು, ಗುಣವಾಗಬೇಕು, ಹೊರಡಬೇಕು, ಹೊರಡದಿದ್ದರೆ ಮುಂದಿನ ರೋಗಿಗೆ ಹಾಸಿಗೆ ಇರುವುದಿಲ್ಲ. ಆರೋಗ್ಯವಾಗಿರುವ ಒಂದು ನಾಯಿಯನ್ನು, ಅದರಿಂದ ಯಾರಿಗೋ ಇರಿಸುಮುರಿಸು ಎಂಬ ಕಾರಣಕ್ಕೆ ನಾವು ಒಳಗೆ ಇಟ್ಟುಕೊಂಡರೆ, ಅದೇ ಸಂಜೆ ರಿಂಗ್ ರಸ್ತೆಯಲ್ಲಿ ವಾಹನ ಹಾಯ್ದು ಸೊಂಟ ಮುರಿದುಕೊಂಡ ನಾಯಿಗೆ ಜಾಗ ಇಲ್ಲ ಎನ್ನಬೇಕಾಗುತ್ತದೆ.

ಹಾಗಾದರೆ ಒಳಗೆ ಯಾರು ಬರುತ್ತಾರೆ? ಅಪಘಾತದಲ್ಲಿ ಪೆಟ್ಟಾದವು, ಗಾಯದಲ್ಲಿ ಹುಳು ಬಿದ್ದವು, ಕಜ್ಜಿ ಹತ್ತಿ ಮೈಯ ಕೂದಲೆಲ್ಲ ಉದುರಿದವು, ತಾಯಿ ಸತ್ತ ಹಾಲುಮರಿಗಳು, ಮತ್ತು ಸಾಕಿದವರೇ ರಾತ್ರೋರಾತ್ರಿ ಬಿಟ್ಟುಹೋದ ಜಾತಿನಾಯಿಗಳು. ಹುಳು ಬಿದ್ದ ಗಾಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಿವಿಯ ಹಿಂದೆಯೋ ಬಾಲದ ಬುಡದಲ್ಲಿಯೋ ಇರುವ ಒಂದು ಸಣ್ಣ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ, ಒಂದೆರಡು ದಿನದಲ್ಲಿ ಹುಳುಗಳು ಮಾಂಸದೊಳಕ್ಕೆ ಕೊರೆದುಕೊಂಡು ಹೋಗುತ್ತವೆ. ಮಳೆಗಾಲದಲ್ಲಿ ಇದು ಬಹಳ. ಆರಂಭದಲ್ಲೇ ಕರೆ ಬಂದರೆ ಸ್ವಯಂಸೇವಕರು ಸ್ಥಳದಲ್ಲೇ ಗಾಯ ತೊಳೆದು, ಹುಳು ತೆಗೆದು, ಔಷಧಿ ಹಾಕಿ ನಾಯಿಯನ್ನು ಅಲ್ಲಿಯೇ ಬಿಡಬಹುದು. ವಾಸನೆ ತಡೆಯಲಾಗದಷ್ಟು ಆದ ಮೇಲೆ ಕರೆ ಬಂದರೆ ವಾರಗಟ್ಟಲೆ ಒಳಗಿಟ್ಟು ಚಿಕಿತ್ಸೆ ಮಾಡಬೇಕಾಗುತ್ತದೆ, ಎಷ್ಟೋ ಸಲ ಉಳಿಸಿಕೊಳ್ಳಲೂ ಆಗುವುದಿಲ್ಲ. ಆದ್ದರಿಂದ ನಾಯಿಯೊಂದು ತಲೆ ವಾಲಿಸಿಕೊಂಡು ಕಿವಿ ಒದರುತ್ತಲೇ ಇದ್ದರೆ ಅಂದೇ ತಿಳಿಸಿ.

ಚಿಕಿತ್ಸೆಗಿಂತಲೂ ದೊಡ್ಡ ಕೆಲಸ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆಯದು. ನಿಮ್ಮನ್ನು ಕಿವಿಯ ತುದಿಯ ಬಗ್ಗೆ ಕೇಳಿದ್ದು ಇದಕ್ಕಾಗಿಯೇ. ಶಸ್ತ್ರಚಿಕಿತ್ಸೆಯಾದ ನಾಯಿಗೆ, ಮತ್ತಿನಲ್ಲಿರುವಾಗಲೇ, ಕಿವಿಯ ತುದಿಯಲ್ಲಿ ಒಂದು ಸಣ್ಣ ಗುರುತು ಕತ್ತರಿಸಿರುತ್ತಾರೆ. ಅದನ್ನು ನೋಡಿದರೆ ದೂರದಿಂದಲೇ ತಿಳಿಯುತ್ತದೆ, ಅದೇ ನಾಯಿಯನ್ನು ಮತ್ತೆ ಹಿಡಿಯುವ ತೊಂದರೆ ತಪ್ಪುತ್ತದೆ. ನಿಮ್ಮ ನಾಯಿ ಮರಿ ಹಾಕಿರುವುದರಿಂದ ಅದಕ್ಕೆ ಆಗಿಲ್ಲ ಎಂಬುದು ಸ್ಪಷ್ಟ. ಆದರೆ ಹಾಲೂಡುವ ತಾಯಿಯನ್ನು ಹಿಡಿದು ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ಮರಿಗಳು ಹಾಲು ಬಿಡುವವರೆಗೆ, ಅಂದರೆ ಸುಮಾರು ಎರಡು ತಿಂಗಳವರೆಗೆ ಕಾಯಬೇಕು. ಇದು ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿದ ಪ್ರಾಣಿ ಜನನ ನಿಯಂತ್ರಣ ನಿಯಮಗಳಿಗೂ ಸರಿ, ಮರಿಗಳ ಪ್ರಾಣಕ್ಕೂ ಸರಿ. ಎರಡು ತಿಂಗಳಾದ ಮೇಲೆ ಕರೆ ಮಾಡಿ ಎಂದು ಅವರು ಹೇಳಿದ್ದು ನಿಮ್ಮನ್ನು ಸಾಗಹಾಕುವ ಮಾತಲ್ಲ. ಆ ದಿನಾಂಕವನ್ನು ಬರೆದಿಟ್ಟುಕೊಂಡು ಖಂಡಿತವಾಗಿ ಕರೆ ಮಾಡಿ, ಏಕೆಂದರೆ ಅದನ್ನು ದಾಟಿಸಿದರೆ ಆಕೆ ಮತ್ತೆ ಬೆದೆಗೆ ಬರುತ್ತಾಳೆ, ಮುಂದಿನ ಸಲವೂ ಅದೇ ನಿವೇಶನದಲ್ಲಿ ಅದೇ ಸಂಕಟ.

ಈ ಎರಡು ತಿಂಗಳಲ್ಲಿ ನಿಮ್ಮ ಕಟ್ಟಡದವರು ಮಾಡಬಹುದಾದದ್ದು ಬಹಳ ಇದೆ. ತಾಯಿಗೆ ದಿನಕ್ಕೆ ಎರಡು ಹೊತ್ತು ಅನ್ನದ ಜೊತೆ ಬೇಯಿಸಿದ ಮೊಟ್ಟೆಯನ್ನೋ ಮೂಳೆ ತೆಗೆದ ಕೋಳಿಮಾಂಸವನ್ನೋ ಕೊಡಿ, ಅಗಲವಾದ ಪಾತ್ರೆಯಲ್ಲಿ ನೀರಿಡಿ, ಮಳೆಗೆ ಒಂದು ತಗಡನ್ನೋ ಟಾರ್ಪಾಲನ್ನೋ ಇಳಿಜಾರಾಗಿ ಕಟ್ಟಿ. ಹೊಟ್ಟೆ ತುಂಬಿದ ತಾಯಿ ಮರಿಗಳ ಹತ್ತಿರ ಹೋದವರ ಮೇಲೆ ಎರಗುವುದು ಕಡಿಮೆ. ಊಟ ಹಾಕುವವರು ದಿನವೂ ಒಬ್ಬರೇ ಆಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಮುಂದೆ ಪಾಲಿಕೆಯ ವಾಹನವೋ ಸಂಸ್ಥೆಯ ವಾಹನವೋ ಬಂದಾಗ ಬಲೆ ಬೀಸದೆ, ಆ ಪರಿಚಿತ ವ್ಯಕ್ತಿಯ ಕೈಯಿಂದಲೇ ನಾಯಿಯನ್ನು ಹಿಡಿಯಬಹುದು.

ಮರಿಗಳು ಜನರಿಗೆ ಒಗ್ಗಿಕೊಳ್ಳುವುದು ಹುಟ್ಟಿದ ಮೂರನೆಯ ವಾರದಿಂದ ಮೂರನೆಯ ತಿಂಗಳೊಳಗೆ. ಈ ಅವಧಿಯಲ್ಲಿ ನಿಮ್ಮ ಕಟ್ಟಡದ ಮಕ್ಕಳು ಹಿರಿಯರ ಜೊತೆಯಲ್ಲಿ ಹೋಗಿ ಅವುಗಳನ್ನು ಮುಟ್ಟಿ ಮಾತನಾಡಿಸಿದರೆ ಮುಂದೆ ಅವಕ್ಕೆ ಮನೆ ಸಿಗುವುದು ಸುಲಭ. ಮರಿಗಳ ಚಿತ್ರ ತೆಗೆದು ನಮ್ಮಂಥವರಿಗೆ ಕಳಿಸಿದರೆ ದತ್ತು ಪ್ರಕಟಣೆಯಲ್ಲಿ ಹಾಕುತ್ತೇವೆ. ದತ್ತು ಕೊಡುವಾಗ ನಾವು ಬಹಳ ಪ್ರಶ್ನೆ ಕೇಳುತ್ತೇವೆ ಎಂಬ ದೂರಿದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ಹಗಲೆಲ್ಲ ಸರಪಳಿಯಲ್ಲಿ ಕಟ್ಟುತ್ತಾರೆಯೇ, ಮನೆಯ ಹಿರಿಯರಿಗೆ ಇಷ್ಟವಿದೆಯೇ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ವಿಚಾರಿಸಿ, ವಯಸ್ಸಿಗೆ ಬಂದ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿಸುವುದಾಗಿ ಬರೆಸಿಕೊಂಡು, ಆಮೇಲೆ ಒಮ್ಮೆ ಮನೆಗೆ ಹೋಗಿ ನೋಡಿ ಬರುತ್ತೇವೆ. ಹೆಣ್ಣುಮರಿಗಳನ್ನು ಕೇಳುವವರು ಕಡಿಮೆ ಎಂಬುದು ನಮ್ಮ ನಿತ್ಯದ ನೋವು. ಶಸ್ತ್ರಚಿಕಿತ್ಸೆಯಾದ ಮೇಲೆ ಹೆಣ್ಣಿಗೂ ಗಂಡಿಗೂ ಸಾಕುವುದರಲ್ಲಿ ಯಾವ ವ್ಯತ್ಯಾಸವೂ ಇಲ್ಲ. ದಯವಿಟ್ಟು ನಿಮ್ಮ ಪರಿಚಯದವರಿಗೆ ಇದನ್ನು ತಿಳಿಸಿ.

ಬೆಕ್ಕಿನ ವಿಷಯ ಸಂಕ್ಷೇಪವಾಗಿ: ಪಂಪ್ ಕೋಣೆಯ ಬಾಗಿಲನ್ನು ಮುಚ್ಚಬೇಡಿ, ಮರಿಗಳನ್ನು ಮುಟ್ಟಬೇಡಿ. ತಾಯಿ ಕಾಣದಿದ್ದರೆ ಅನಾಥ ಮರಿಗಳೆಂದು ಎತ್ತಿಕೊಂಡು ಬರುವವರು ಬಹಳ. ಬೆಕ್ಕು ಬೇಟೆಗೆ ಹೋದರೆ ಕೆಲವು ಗಂಟೆ ಬರದಿರುವುದು ಸಾಮಾನ್ಯ, ಜನರ ಓಡಾಟವಿದ್ದರೆ ಇನ್ನೂ ತಡ. ದೂರದಿಂದ ನೋಡುತ್ತಿರಿ. ಮರಿಗಳು ಬೆಚ್ಚಗೆ ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದರೆ ತಾಯಿ ಇದ್ದಾಳೆ ಎಂದೇ ತಿಳಿಯಬೇಕು. ಮೈ ತಣ್ಣಗಾಗಿ ಬಿಡದೆ ಅರಚುತ್ತಿದ್ದರೆ ಮಾತ್ರ ಕರೆ ಮಾಡಿ.

ಉತ್ತರ: ಪಶುವೈದ್ಯ, ಮಂಡ್ಯ

ಮೇಲಿನ ಉತ್ತರ ಬಹಳ ಸಮರ್ಪಕವಾಗಿದೆ. ವೈದ್ಯಕೀಯ ದೃಷ್ಟಿಯಿಂದ ಕೆಲವು ವಿಷಯ ಸೇರಿಸುತ್ತೇನೆ.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಜನರು ಇಂಜೆಕ್ಷನ್ ಕೊಟ್ಟಷ್ಟು ಸುಲಭವೆಂದು ಭಾವಿಸುತ್ತಾರೆ. ಹೆಣ್ಣುನಾಯಿಯಲ್ಲಿ ಇದು ಹೊಟ್ಟೆ ತೆರೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ. ಹಿಂದಿನ ರಾತ್ರಿಯಿಂದ ಉಪವಾಸವಿಟ್ಟು, ತೂಕ ನೋಡಿ ಅರಿವಳಿಕೆ ಕೊಟ್ಟು, ಚಿಕಿತ್ಸೆ ಮುಗಿದ ಮೇಲೆ ಕನಿಷ್ಠ 4 ದಿನ ಗಾಯವನ್ನು ಗಮನಿಸಿ, ಊಟ ಮಾಡುತ್ತಿದೆಯೇ ಎಂದು ನೋಡಿ, ಆ ನಂತರವೇ ಹಿಡಿದ ಜಾಗಕ್ಕೆ ಬಿಡಬೇಕು. ಪ್ರತಿ ನಾಯಿಯ ಕೊರಳಿಗೂ ಸಂಖ್ಯೆ ಕಟ್ಟಿ ಯಾವ ಬೀದಿಯಿಂದ ಬಂತು ಎಂದು ಬರೆದಿಡುವುದು ಇದಕ್ಕಾಗಿ. ನಮ್ಮ ಕಡೆಯ ಹಳ್ಳಿಗಳಲ್ಲಿ, ಒಂದು ಸಲವಾದರೂ ಮರಿ ಹಾಕಲಿ, ಆಮೇಲೆ ಮಾಡಿಸೋಣ, ಇಲ್ಲದಿದ್ದರೆ ಪಾಪ ಎನ್ನುವವರು ಈಗಲೂ ಇದ್ದಾರೆ. ವೈದ್ಯನಾಗಿ ಹೇಳುತ್ತೇನೆ, ಮರಿ ಹಾಕುವುದರಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಬೆದೆಗೆ ಬರುವ ಮೊದಲೇ ಮಾಡಿಸಿದರೆ ಸ್ತನದ ಗೆಡ್ಡೆಗಳ ಸಾಧ್ಯತೆ ತೀರ ಕಡಿಮೆಯಾಗುತ್ತದೆ, ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ಕಾಯಿಲೆ ಬರುವುದೇ ಇಲ್ಲ. ಬೀದಿನಾಯಿಗಳಲ್ಲಿ ಕೂಡುವಾಗ ಹರಡುವ ಒಂದು ಬಗೆಯ ಜನನಾಂಗದ ಗೆಡ್ಡೆಯನ್ನು ನಾವು ಪದೇಪದೇ ನೋಡುತ್ತೇವೆ. ಅದಕ್ಕೆ ವಾರಕ್ಕೊಂದರಂತೆ ಹಲವು ವಾರ ವಿನ್‌ಕ್ರಿಸ್ಟೀನ್ ಚುಚ್ಚುಮದ್ದು ಕೊಡಬೇಕು. ಅಂಥ ಒಂದು ನಾಯಿ ಒಳಗಿದ್ದರೆ ಒಂದು ಗೂಡು ತಿಂಗಳುಗಟ್ಟಲೆ ಖಾಲಿಯಾಗುವುದಿಲ್ಲ. ಸಂತಾನಹರಣದಿಂದ ಇದೂ ಕಡಿಮೆಯಾಗುತ್ತದೆ.

ಆರೋಗ್ಯವಂತ ಮರಿಗಳನ್ನು ಆಶ್ರಯಧಾಮಕ್ಕೆ ಒಯ್ಯಬಾರದು ಎನ್ನುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ, ಅದು ಪಾರ್ವೊ. ರಕ್ತಮಿಶ್ರಿತ ಭೇದಿ ಮತ್ತು ವಾಂತಿಯಿಂದ ಮರಿಯನ್ನು ಎರಡು-ಮೂರು ದಿನಗಳಲ್ಲಿ ಕೊಲ್ಲಬಲ್ಲ ಈ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮನೆಯಲ್ಲಿ ಬಳಸುವ ಫಿನಾಯಿಲಿಗೆ ಅದು ಸಾಯುವುದಿಲ್ಲ, ಬ್ಲೀಚಿಂಗ್ ದ್ರಾವಣವೇ ಬೇಕು. ಎಲ್ಲೆಲ್ಲಿಂದಲೋ ಬಂದ ರೋಗಿಗಳಿರುವ ಜಾಗಕ್ಕೆ ಲಸಿಕೆಯಾಗದ ಮರಿಗಳನ್ನು ತಂದರೆ ಏನಾಗುತ್ತದೆ ಎಂಬುದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಮರಿಗಳಿಗೆ ಆರರಿಂದ ಎಂಟು ವಾರವಾದಾಗ ಮೊದಲ ಲಸಿಕೆ ಹಾಕಿಸಿ, ಮೂರು-ನಾಲ್ಕು ವಾರಕ್ಕೊಮ್ಮೆ ಮುಂದುವರಿಸಬೇಕು. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಜಂತುಹುಳುವಿನ ಔಷಧಿಯನ್ನು ಇದಕ್ಕೂ ಮೊದಲೇ ಶುರುಮಾಡಬೇಕು. ನಿಮ್ಮ ಕಟ್ಟಡದ ಮನೆಗಳೆಲ್ಲ ಸ್ವಲ್ಪ ಸ್ವಲ್ಪ ಹಾಕಿಕೊಂಡರೆ ಈ ಖರ್ಚು ಯಾರಿಗೂ ಭಾರವಾಗದು.

ಬೆಕ್ಕುಗಳ ವಿಷಯದಲ್ಲಿ ಕಾಲ ಇನ್ನೂ ಬಿಗಿ. ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭದ ಅವಧಿ ಸುಮಾರು ಒಂಬತ್ತು ವಾರ, ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಹೀಗಾಗಿ ತಾಯಿಯ ಶಸ್ತ್ರಚಿಕಿತ್ಸೆಯನ್ನು ಮರಿಗಳು ಗಟ್ಟಿ ಆಹಾರಕ್ಕೆ ಬಂದ ಕೂಡಲೇ ಮಾಡಿಸಬೇಕು. ತಾಯಿಯಿಲ್ಲದ ಮರಿ ಸಿಕ್ಕರೆ ಎಲ್ಲರೂ ಮೊದಲು ಮಾಡುವುದು ಹಸುವಿನ ಹಾಲು ಕುಡಿಸುವುದು. ಅದು ಭೇದಿಗೆ ದಾರಿ. ಮೊದಲು ಮರಿಯ ಮೈ ಬೆಚ್ಚಗಾಗಬೇಕು, ಏಕೆಂದರೆ ತಣ್ಣಗಾದ ಮರಿಗೆ ಏನು ಕುಡಿಸಿದರೂ ಜೀರ್ಣವಾಗುವುದಿಲ್ಲ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು, ಆಮೇಲೆ ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಕಲಸಿ, ಮರಿಯನ್ನು ಅದರ ಹೊಟ್ಟೆ ಕೆಳಗಾಗುವಂತೆ ಮಲಗಿಸಿಕೊಂಡು ಸಿರಿಂಜಿನಿಂದ ಹನಿಹನಿಯಾಗಿ ಕೊಡಬೇಕು. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮತ್ತೊಂದು ಎಚ್ಚರಿಕೆ: ಜ್ವರ ಬಂದಿದೆಯೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ, ಚೂರು ಮಾತ್ರೆಯೂ ಅದಕ್ಕೆ ವಿಷ.

ಸಂಸ್ಥೆಯವರು ಸಿಗದಿದ್ದಾಗ ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಬಹುದು. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೂ ಒಯ್ಯಬಹುದು.

ಪ್ರತಿಕ್ರಿಯೆ: ಇಬ್ಬರು ಮಕ್ಕಳ ತಾಯಿ, ವಿಜಯನಗರ

ಇಲ್ಲಿ ಬರೆದವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಇನ್ನೊಂದು ಬದಿಯ ಮಾತನ್ನೂ ಕೇಳಬೇಕು. ನಮ್ಮ ಬಡಾವಣೆಯಲ್ಲಿ ಶಾಲೆಯ ವ್ಯಾನಿಗಾಗಿ ನಿಂತಿದ್ದ ನನ್ನ ಮಗಳಿಗೆ ನಾಯಿ ಕಚ್ಚಿತು. ಚುಚ್ಚುಮದ್ದು ಮುಗಿದು ಮಗು ಚೆನ್ನಾಗಿದ್ದರೂ, ಈಗಲೂ ನಾಯಿ ಕಂಡರೆ ನನ್ನ ಸೆರಗು ಹಿಡಿಯುತ್ತಾಳೆ. ಶಸ್ತ್ರಚಿಕಿತ್ಸೆ ಮಾಡಿ ಮತ್ತೆ ಅದೇ ಬೀದಿಗೆ ತಂದು ಬಿಡುವುದೇಕೆ? ಊರಾಚೆ ಕೆಆರ್‌ಎಸ್ ರಸ್ತೆಯ ಕಡೆಯೋ ಕಾಡಿನ ಅಂಚಿನಲ್ಲೋ ಬಿಟ್ಟರೆ ನಾಯಿಗಳೂ ಬದುಕುತ್ತವೆ, ನಮಗೂ ನೆಮ್ಮದಿಯಲ್ಲವೇ? ಸುಪ್ರೀಂ ಕೋರ್ಟ್ ಕೂಡ ನಾಯಿಗಳನ್ನು ತೆಗೆಯಬೇಕೆಂದು ಹೇಳಿದೆ ಎಂದು ಓದಿದೆ. ಇದಕ್ಕೆ ಸಂಸ್ಥೆಗಳವರ ಉತ್ತರ ಏನು?

ಉತ್ತರ: ಸ್ವಯಂಸೇವಕಿ, ಸರಸ್ವತಿಪುರಂ

ಮೇಡಂ, ನಿಮ್ಮ ಮಗಳಿಗೆ ಆದದ್ದು ಯಾವ ಮಗುವಿಗೂ ಆಗಬಾರದು. ನಾಯಿಗಳ ಪರ ಕೆಲಸ ಮಾಡುವವರು ಕಚ್ಚಿಸಿಕೊಂಡವರ ಮಾತನ್ನು ಹಗುರವಾಗಿ ತೆಗೆದುಕೊಂಡರೆ ಆ ಕೆಲಸಕ್ಕೆ ಅರ್ಥವಿಲ್ಲ ಎಂದು ನಾನು ನಂಬಿದ್ದೇನೆ.

ಊರಾಚೆ ಬಿಡುವುದರ ಬಗ್ಗೆ ಹೇಳುವುದಾದರೆ, ನಾಯಿಗಳು ತಮ್ಮ ತಮ್ಮ ಬೀದಿಯನ್ನು ಹಂಚಿಕೊಂಡು ಬದುಕುತ್ತವೆ. ಒಂದು ಬೀದಿಯ ನಾಯಿಗಳನ್ನು ಖಾಲಿ ಮಾಡಿದರೆ, ಅಲ್ಲಿನ ಕೋಳಿ ಅಂಗಡಿಯ ತ್ಯಾಜ್ಯ ಮತ್ತು ಕಸ ಹಾಗೆಯೇ ಇರುವುದರಿಂದ, ಕೆಲವೇ ದಿನಗಳಲ್ಲಿ ಪಕ್ಕದ ಬೀದಿಯ ಹೊಸ ನಾಯಿಗಳು ಬರುತ್ತವೆ. ಬಂದವುಗಳಿಗೆ ಲಸಿಕೆಯಾಗಿರುವುದಿಲ್ಲ, ಶಸ್ತ್ರಚಿಕಿತ್ಸೆಯಾಗಿರುವುದಿಲ್ಲ, ನಿಮ್ಮ ಮಕ್ಕಳ ಪರಿಚಯವೂ ಇರುವುದಿಲ್ಲ. ಬೀದಿಗಾಗಿ ಅವು ತಮ್ಮಲ್ಲೇ ಕಾದಾಡುವಾಗ ನಡುವೆ ಸಿಕ್ಕವರಿಗೆ ಕಚ್ಚುವ ಸಂಭವ ಹೆಚ್ಚು. ಒಂದು ಪ್ರದೇಶದಲ್ಲಿ 100ಕ್ಕೆ 70 ನಾಯಿಗಳಿಗಾದರೂ ರೇಬಿಸ್ ಲಸಿಕೆಯಾಗಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಬಹಳ ಹಿಂದಿನಿಂದ ಹೇಳುತ್ತ ಬಂದಿದೆ. ಲಸಿಕೆಯಾದ ನಾಯಿಯನ್ನು ಓಡಿಸಿದರೆ ಆ 70ರಲ್ಲಿ ಒಂದನ್ನು ನಾವೇ ಕಳೆದುಕೊಂಡಂತೆ. ಇನ್ನು ಕಾಡಿನ ಅಂಚಿನಲ್ಲಿ ಬಿಟ್ಟ ನಾಯಿ ಹಸಿವಿನಿಂದ ಸಾಯುತ್ತದೆ, ಇಲ್ಲವೇ ಕಾಡುಪ್ರಾಣಿಗಳಿಗೆ ಡಿಸ್ಟೆಂಪರಿನಂಥ ರೋಗ ಹರಡುತ್ತದೆ.

ಸುಪ್ರೀಂ ಕೋರ್ಟಿನ ವಿಷಯ ಗೊಂದಲಕ್ಕೆ ಕಾರಣವಾಗಿರುವುದು ನಿಜ. 2025ರ ಆಗಸ್ಟ್ 11ರಂದು ದೆಹಲಿ ಮತ್ತು ಅದರ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಆಶ್ರಯಧಾಮಕ್ಕೆ ಸಾಗಿಸಬೇಕೆಂಬ ಆದೇಶ ಬಂತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬಿಸ್ ಇರುವ ಅಥವಾ ಶಂಕೆಯಿರುವ ನಾಯಿಗಳನ್ನು ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ಹಿಡಿದ ಜಾಗಕ್ಕೇ ಬಿಡಬೇಕು, ಊಟ ಹಾಕುವುದಕ್ಕೆ ಗೊತ್ತುಪಡಿಸಿದ ಜಾಗಗಳಿರಬೇಕು ಎಂದಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಮಾತ್ರ ಆಶ್ರಯಧಾಮಕ್ಕೆ ಸಾಗಿಸಿ, ಅಲ್ಲಿಗೆ ಮರಳಿ ಬಿಡಬಾರದೆಂದು ಹೇಳಿತು. ನಿಮ್ಮ ಬಡಾವಣೆಯ ನಾಯಿ ನಿಜಕ್ಕೂ ಪದೇಪದೇ ಎರಗುವಂಥದ್ದಾದರೆ ಪಾಲಿಕೆಗೆ ಲಿಖಿತ ದೂರು ಕೊಡಿ. ಅದನ್ನು ಪ್ರತ್ಯೇಕವಾಗಿಟ್ಟು ಪರಿಶೀಲಿಸುವುದಕ್ಕೆ ಅವಕಾಶವಿದೆ, ನಮ್ಮಂಥ ಸಂಸ್ಥೆಗಳು ಅದನ್ನು ವಿರೋಧಿಸುವುದಿಲ್ಲ.

ವ್ಯಾನ್ ನಿಲ್ಲುವ ಜಾಗದ ಹತ್ತಿರ ಯಾರಾದರೂ ಊಟ ಹಾಕುತ್ತಿದ್ದಾರೆಯೇ ಎಂದೂ ನೋಡಿ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಕಟ್ಟಡದ ಬಾಗಿಲು ಇವುಗಳಿಂದ ದೂರದಲ್ಲಿ, ಮಕ್ಕಳು ಮತ್ತು ಹಿರಿಯರು ಓಡಾಡದ ಹೊತ್ತಿನಲ್ಲಿ ಊಟ ಹಾಕಬೇಕು, ಆಮೇಲೆ ಜಾಗವನ್ನು ಚೊಕ್ಕಟ ಮಾಡಬೇಕು ಎಂದು 2023ರ ನಿಯಮಗಳೇ ಹೇಳುತ್ತವೆ. ಪ್ರೀತಿಯಿಂದ ಹಾಕುವವರೇ ಇದನ್ನು ಪಾಲಿಸದಿದ್ದರೆ ನಾಯಿಗಳಿಗೇ ಕೆಡುಕು.

ಉತ್ತರ: ಪಶುವೈದ್ಯ, ಮಂಡ್ಯ

ಕಚ್ಚಿದ ತಕ್ಷಣ ಏನು ಮಾಡಬೇಕೆಂಬುದನ್ನು ಓದುವ ಎಲ್ಲರಿಗಾಗಿ ಹೇಳುತ್ತೇನೆ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆಯಬೇಕು. ಅರಿಶಿನ, ಕಾರದಪುಡಿ, ಕಾಫಿಪುಡಿ, ಸುಣ್ಣ ಯಾವುದನ್ನೂ ಮೆತ್ತಬಾರದು. ನಾಟಿ ಔಷಧಿ ಕೊಡುವವರ ಮನೆಗೆ ಹೋಗಿ ಕಾಲ ಕಳೆಯಬಾರದು. ಮಂಡ್ಯದ ಹಳ್ಳಿಗಳಲ್ಲಿ ಈ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿಸಿ, ಚರ್ಮದ ಪದರದಲ್ಲಿ ಕೊಡುವ ಕ್ರಮವಾದರೆ ಮೊದಲ ದಿನದ ನಂತರ 3, 7 ಮತ್ತು 28ನೆಯ ದಿನ ತಪ್ಪದೆ ಹೋಗಬೇಕು. ರಕ್ತ ಬಂದ ಗಾಯವಾದರೆ ರೇಬಿಸ್ ವಿರುದ್ಧ ತಕ್ಷಣ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ ಬೇಕು, ಅದನ್ನು ಕೇಳಿ ಪಡೆಯಿರಿ. ಸಣ್ಣ ಮರಿ ಪರಚಿದ್ದು, ಬೆಕ್ಕು ಕಚ್ಚಿದ್ದು ಎಂದು ಬಿಡುವಂತಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ, ಅದಕ್ಕೆ ಮೊದಲು ಸರಿಯಾಗಿ ಲಸಿಕೆ ಪಡೆದರೆ ಭಯಪಡಬೇಕಾಗಿಲ್ಲ. ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬಿಸ್ಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದ್ದು ಇದರ ಗಂಭೀರತೆಯಿಂದಲೇ.

ಉತ್ತರ: ಲೆಕ್ಕಪರಿಶೋಧಕ, ಯಾದವಗಿರಿ

ಹಣದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಸಂಸ್ಥೆ ಟ್ರಸ್ಟ್ ಅಥವಾ ಸಂಘವಾಗಿ ನೋಂದಣಿಯಾಗಿದೆಯೇ, ಎಲ್ಲರೂ 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿಯ ಮಾನ್ಯತೆ ಇದೆಯೇ, ಲೆಕ್ಕಪತ್ರವನ್ನು ಪ್ರತಿ ವರ್ಷ ಪರಿಶೋಧಿಸಿ ಕೇಳಿದವರಿಗೆ ತೋರಿಸುತ್ತಾರೆಯೇ ಎಂದು ನೋಡಿ. ಶಸ್ತ್ರಚಿಕಿತ್ಸೆ ನಡೆಸುವ ಸಂಸ್ಥೆಯಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಅಗತ್ಯ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲ, ಹಾಗಾಗಿ ಬ್ಯಾಂಕಿನ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಗಾಯಗೊಂಡ ನಾಯಿಯ ಚಿತ್ರ ಹಾಕಿ ಯಾರದೋ ವೈಯಕ್ತಿಕ ಖಾತೆಗೆ ಹಣ ಕೇಳುವ ಸಂದೇಶಗಳು ಬಂದರೆ, ಯಾವ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ ಎಂದು ಕೇಳಿ ಆ ಬಿಲ್ಲನ್ನು ನೇರವಾಗಿ ಅಲ್ಲಿಯೇ ಕಟ್ಟುವುದು ಉತ್ತಮ.

ಹಣಕ್ಕಿಂತ ಮೊದಲು ಒಮ್ಮೆ ಹೋಗಿ ನೋಡಿ ಎಂದು ನನ್ನ ಸಲಹೆ. ಗೂಡುಗಳು ಒಣಗಿವೆಯೇ, ರೋಗವಿರುವ ಪ್ರಾಣಿಗಳನ್ನು ಬೇರೆ ಇಟ್ಟಿದ್ದಾರೆಯೇ, ನೀರಿನ ಪಾತ್ರೆಗಳು ಶುಚಿಯಾಗಿವೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಅಕ್ಕಿ, ಹಳೆಯ ಚಾದರ, ಪತ್ರಿಕೆಗಳು ಕೂಡ ಅವರಿಗೆ ಬೇಕಾದವೇ. ಆದರೆ ದೊಡ್ಡ ಖರ್ಚು ಔಷಧಿ, ವೈದ್ಯರ ಮತ್ತು ಕೆಲಸಗಾರರ ಸಂಬಳ, ವಾಹನದ ಡೀಸೆಲ್. ಪ್ರಕಟಣೆಯಲ್ಲಿ ಚಿತ್ರ ಬರದ ಈ ಖರ್ಚುಗಳಿಗೆ ಪ್ರತಿ ತಿಂಗಳೂ ಸಣ್ಣ ಮೊತ್ತ ಕೊಡುವವರು ವರ್ಷಕ್ಕೊಮ್ಮೆ ಹುಟ್ಟುಹಬ್ಬಕ್ಕೆ ದೊಡ್ಡ ಮೊತ್ತ ಕೊಡುವವರಿಗಿಂತ ಹೆಚ್ಚು ಉಪಕಾರಿ.

ಪ್ರಶ್ನೆ ಕೇಳಿದವರು: ಕುವೆಂಪುನಗರ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಇಷ್ಟು ವಿವರ ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ. ಈ ಉತ್ತರಗಳನ್ನು ಮುದ್ರಿಸಿ ಸಭೆಯಲ್ಲಿ ಓದುತ್ತೇನೆ. ಮೂರನೆಯ ಮಹಡಿಯ ಹಿರಿಯರೊಬ್ಬರು ತಾಯಿನಾಯಿಗೆ ಊಟ ಹಾಕುವ ಹೊಣೆ ಒಪ್ಪಿಕೊಂಡಿದ್ದಾರೆ, ಲಸಿಕೆಯ ಖರ್ಚನ್ನು ಐದು ಮನೆಗಳವರು ಹಂಚಿಕೊಳ್ಳುತ್ತೇವೆ. ಒಂದು ಸಂದೇಹ ಉಳಿದಿದೆ. ಒಂದಿಬ್ಬರು, ಮರಿಗಳು ನಡೆಯುವಂತಾದ ಮೇಲೆ ಚೀಲದಲ್ಲಿ ಹಾಕಿ ಮಾರುಕಟ್ಟೆಯ ಹತ್ತಿರ ಬಿಟ್ಟುಬರುತ್ತೇವೆ ಎನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ? ಬೆಕ್ಕಿನ ತಾಯಿಯನ್ನು ಹಿಡಿಯುವುದು ಹೇಗೆ ಎಂಬುದನ್ನೂ ತಿಳಿಸಿ, ಅದು ಯಾರ ಕೈಗೂ ಸಿಗುವುದಿಲ್ಲ.

ಉತ್ತರ: ಸ್ವಯಂಸೇವಕಿ, ಸರಸ್ವತಿಪುರಂ

ಹಾಗೆ ಬಿಟ್ಟುಬಂದರೆ ಹಾಲು ಬಿಡದ ಮರಿಗಳು ಬದುಕುವುದಿಲ್ಲ ಎಂದು ಮೊದಲು ಹೇಳಿ, ಮನಸ್ಸಿರುವವರಿಗೆ ಅಷ್ಟೇ ಸಾಕು. ಕೇಳದಿದ್ದರೆ ಕಾನೂನು ತಿಳಿಸಿ: ಪ್ರಾಣಿಗಳನ್ನು ಕೊಲ್ಲುವುದು ಅಥವಾ ಅಂಗಹೀನಗೊಳಿಸುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನ ಪ್ರಕಾರ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ, ಬೀದಿನಾಯಿಗಳನ್ನು ಅವುಗಳ ಜಾಗದಿಂದ ಬೇರೆಡೆಗೆ ಸಾಗಿಸಿ ಬಿಡುವುದಕ್ಕೂ ನಿಯಮಗಳಲ್ಲಿ ಅವಕಾಶವಿಲ್ಲ.

ಬೆಕ್ಕಿಗೆ ಬೋನು ಬೇಕು. ಬಹಳಷ್ಟು ಸಂಸ್ಥೆಗಳಲ್ಲಿ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಕೆಲವು ದಿನ ಮೊದಲು ಬೋನಿನ ಬಾಗಿಲನ್ನು ತೆರೆದು ಕಟ್ಟಿಟ್ಟು, ಒಳಗೆ ಒಣಮೀನು ಅಥವಾ ಬೇಯಿಸಿದ ಮೀನು ಇಟ್ಟು ಅಭ್ಯಾಸ ಮಾಡಿಸಿ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಮೇಲೆ ಮಾತ್ರ ಬಾಗಿಲಿನ ಕಟ್ಟು ಬಿಚ್ಚಿ. ಬೆಕ್ಕು ಸಿಕ್ಕ ಕೂಡಲೇ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಿದರೆ ಶಾಂತವಾಗುತ್ತದೆ. ಮರಿಗಳು ತಾವೇ ತಿನ್ನಲು ಶುರುಮಾಡಿದ ವಾರವೇ ನನಗೆ ಸಂದೇಶ ಕಳಿಸಿ, ನಾಯಿಯದೂ ಬೆಕ್ಕಿನದೂ ದಿನಾಂಕ ಗೊತ್ತುಮಾಡೋಣ.